ಮುಚ್ಚಳದ ಮೇಲಿನ ಕುಂಕುಮ

ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆಯನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಳಗೇನಿದೆಯೆಂದು ಗೊತ್ತಿದ್ದರೂ, ಅದಿನ್ನೂ ಬೆಂದಿಲ್ಲವೆಂದು ಗೊತ್ತಿದ್ದರೂ, ಒಮ್ಮೆ ಮುಚ್ಚಳ ಎತ್ತಿ ಇಣುಕದಿದ್ದರೆ ಏನೋ ಕರ್ತವ್ಯಲೋಪವಾದಂತೆ ಅನ್ನಿಸುತ್ತದೆ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನಿಂದ ಅಂಟಿಕೊಂಡದ್ದು. ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಾನು ಕೆಲಸಕ್ಕಿದ್ದೆ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಎತ್ತಿ ನೋಡುವುದು, ತಿರುಗಿಸಿ ನೋಡುವುದು, ಗೇಜು ಹಾಕಿ ನೋಡುವುದು, ಕೊನೆಗೆ ಮುಖ ಸಿಂಡರಿಸಿಕೊಂಡು ಕೆಂಪು ಬಣ್ಣದ ಗೆರೆ ಎಳೆದು ಪಕ್ಕಕ್ಕೆ ಸರಿಸುವುದು, ಇದೇ ನಮ್ಮ ಕೆಲಸ. ಸ್ವಂತವಾಗಿ ಒಂದು ಮೊಳೆಯನ್ನೂ ಮಾಡದೆ ವರ್ಷಗಟ್ಟಲೆ ಸಂಬಳ ತೆಗೆದುಕೊಂಡವನು ನಾನು. ಈ ಚಾಳಿ ಸಂಜೆ ಸೈರನ್ನಿನ ಜೊತೆಗೇ ಕಾರ್ಖಾನೆಯಲ್ಲಿ ಉಳಿದುಕೊಂಡಿದ್ದರೆ ತೊಂದರೆ ಇರಲಿಲ್ಲ. ಅದು ನನ್ನ ಸೈಕಲ್ ಕ್ಯಾರಿಯರಿನ ಮೇಲೆ ಕೂತು ಲಗ್ಗೆರೆಯ ಮನೆಗೂ ಬರುತ್ತಿತ್ತು. ನನ್ನ ಹೆಂಡತಿ ಜಯ ಅನ್ನಕ್ಕಿಟ್ಟರೆ ಅದು ಇಂಗುವ ಹೊತ್ತಿಗೆ ನಾನು ನಾಲ್ಕಾರು ಸಲ ಮುಚ್ಚಳ ಎತ್ತಿ ನೋಡಿ ಆಗಿರುತ್ತಿತ್ತು. ಹಬೆಯೆಲ್ಲ ಹಾರಿಹೋಗಿ ಅನ್ನ ಮುಳ್ಳಕ್ಕಿಯಾಗುತ್ತಿತ್ತು. ಆಮೇಲೆ ಊಟಕ್ಕೆ ಕೂತು, ಅನ್ನ ಬೆಂದಿಲ್ಲವಲ್ಲ ಎಂದು ವರದಿ ಒಪ್ಪಿಸುವವನೂ ನಾನೇ. ದೀಪಾವಳಿಗೆಂದು ಮಾಡಿಟ್ಟ ಚಕ್ಕುಲಿಯ ಡಬ್ಬವನ್ನು ಅವಳು ಅಟ್ಟಕ್ಕೆ ಹತ್ತಿಸಿದರೂ ಹಬ್ಬದ ದಿನ ಡಬ್ಬದಲ್ಲಿ ಚೂರುಗಳು ಮಾತ್ರ ಇರುತ್ತಿದ್ದವು. ಗರಿಗರಿಯಾಗಿದೆಯೇ ಎಂದು ಪರೀಕ್ಷೆ ಮಾಡದೆ ಅತಿಥಿಗಳಿಗೆ ಕೊಡುವುದು ಹೇಗೆ ಎಂಬುದು ನನ್ನ ವಾದ.

ನನ್ನ ಇನ್ನೊಂದು ದೌರ್ಬಲ್ಯ ಹಂದಿ ಮಾಂಸ. ನಮ್ಮ ಮನೆಯಲ್ಲಿ ಕೋಳಿ, ಕುರಿ, ಮೀನು ಎಲ್ಲ ನಡೆಯುತ್ತಿತ್ತು. ಹಂದಿ ಮಾತ್ರ ಹೊಸಿಲು ದಾಟುವಂತಿರಲಿಲ್ಲ. ಇದು ಜಯಳ ತವರಿನಿಂದ ಬಂದ ಕಾನೂನು, ಅದಕ್ಕೆ ತಿದ್ದುಪಡಿ ಇರಲಿಲ್ಲ. ನಾನು ಹೊರಗೆ ತಿಂದು ಬಂದರೆ ಅವಳು ಜಗಳವಾಡುತ್ತಿರಲಿಲ್ಲ. ಹಿತ್ತಲಿನ ಬಚ್ಚಲಿಗೆ ಹೋಗಿ ಸ್ನಾನ ಮಾಡಿ ಒಳಗೆ ಬರಬೇಕು, ಅಷ್ಟೇ. ಹೀಗಾಗಿ ನಾನು ಹಂದಿ ತಿಂದದ್ದೆಲ್ಲ ಪರರ ಮನೆಯಲ್ಲಿ. ನಮ್ಮ ಮನೆಯ ಮಾಲೀಕರು ಆ ಊರಿನ ಹಳೆಯ ರೈತರು. ಹೊಲಗಳೆಲ್ಲ ಕಾರ್ಖಾನೆಗಳಿಗೆ ಹೋದಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಶೀಟಿನ ಮನೆ ಕಟ್ಟಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ಮನೆಯಲ್ಲೂ ಹಂದಿ ಬೇಯುತ್ತಿದ್ದದ್ದು ಒಳಗಿನ ಒಲೆಯ ಮೇಲಲ್ಲ, ನಮಗೂ ಅವರಿಗೂ ಒಂದೇ ಆದ ಅಂಗಳದ ಹೊಂಗೆಮರದ ಕೆಳಗೆ, ಮೂರು ಕಲ್ಲಿನ ಮೇಲೆ, ಅದಕ್ಕೆಂದೇ ಇಟ್ಟಿದ್ದ ಬೇರೆ ಮಡಕೆಯಲ್ಲಿ. ಮಾಲೀಕರ ತಾಯಿ ಮುನಿಯಮ್ಮಜ್ಜಿ ನನ್ನನ್ನು ಕರೆದು ಮುದ್ದೆಯ ಜೊತೆ ಎರಡು ಸೌಟು ಹಾಕಿಸುತ್ತಿದ್ದರು. ಕಾರ್ಖಾನೆಯ ವೆಲ್ಡಿಂಗ್ ವಿಭಾಗದ ಪೊನ್ನಪ್ಪನಂತೂ ಕೊಡಗಿನವನು. ಅವನ ಮನೆಯಲ್ಲಿ ಹಬ್ಬವಾಗಲಿ, ಮಗುವಿನ ಹುಟ್ಟುಹಬ್ಬವಾಗಲಿ, ಊರಿನಿಂದ ಯಾರೋ ಬಂದು ಹೋದರೆಂಬ ಸಂತೋಷವಾಗಲಿ, ನಾನಿಲ್ಲದೆ ಮಾಂಸದ ಪಾತ್ರೆ ಕೆಳಗಿಳಿಯುತ್ತಿರಲಿಲ್ಲ. ಅಲ್ಲಿಯೂ ನಾನು ಮುಚ್ಚಳ ಎತ್ತಿ ನೋಡಿ, ಉಪ್ಪು ಒಂದು ಚೂರು ಕಡಿಮೆಯಿದೆ ಎಂದು ಹೇಳುತ್ತಿದ್ದೆನಂತೆ.

ಇಂಥ ಊಟದ ಋಣ ಸದ್ದಿಲ್ಲದೆ ಬೆಳೆಯುತ್ತದೆ. ವರ್ಷಗಟ್ಟಲೆ ಎಲ್ಲರ ಮನೆಯಲ್ಲೂ ಉಂಡ ನಾನು ಒಬ್ಬರನ್ನೂ ಕರೆದು ಉಣಿಸಿರಲಿಲ್ಲ. ಕರೆದಾಗಲೆಲ್ಲ ಜಯ ಮಾಡಿದ ಕಾಫಿ ಉಪ್ಪಿಟ್ಟಿಗೆ ಕರೆದದ್ದು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪೊನ್ನಪ್ಪ ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಇನ್‌ಸ್ಪೆಕ್ಟರ್ ಸಾಹೇಬ್ರು ಊರಿನ ಅಡುಗೆಯೆಲ್ಲ ಪಾಸ್ ಮಾಡ್ತಾರೆ. ಇವರ ಮನೆ ಅಡುಗೆ ಪಾಸ್ ಮಾಡೋ ಭಾಗ್ಯ ನಮಗ್ಯಾವಾಗ ಗುರು?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಉಂಡೂ ಹೋದ ಕೊಂಡೂ ಹೋದ ಎಂದು ಜನ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿರಬಹುದು ಎಂಬ ಯೋಚನೆಯಿಂದ ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂದೇ ಒಂದು ಸಲ, ಪೂರ್ತಿ ವಿಭಾಗವನ್ನೇ ಕರೆದು, ಹೊಟ್ಟೆ ಬಿರಿಯುವಂತೆ ಹಂದಿ ಊಟ ಹಾಕಿಸಿಬಿಡಬೇಕು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಎಲ್ಲಿ, ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ವಾಲ್ಟರ್. ನಮ್ಮಲ್ಲಿಗೆ ಲೋಹದ ತಗಡು ಒತ್ತುವ ದೊಡ್ಡ ಪ್ರೆಸ್ಸೊಂದನ್ನು ಕೂರಿಸಲು ಅಮೆರಿಕದಿಂದ ಬಂದಿದ್ದ ಇಂಜಿನಿಯರ್ ಆತ. ಆಜಾನುಬಾಹು, ಮಿತಭಾಷಿ, ಕ್ಯಾಂಟೀನಿನ ಸಾಂಬಾರಿಗೆ ಕಣ್ಣೀರು ಸುರಿಸುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ. ಅವನ ಬಳಿ ಬಣ್ಣದ ಚಿತ್ರಗಳ ಒಂದು ಪತ್ರಿಕೆಯಿತ್ತು. ಅದರ ಒಂದು ಪುಟದಲ್ಲಿ ಒಬ್ಬ ಗಂಡಸು ಅಡುಗೆಯವರ ಏಪ್ರನ್ ಕಟ್ಟಿಕೊಂಡು ತನ್ನ ಮನೆಯ ಹುಲ್ಲಿನ ಮೇಲೆ ನಿಂತಿದ್ದ. ಎದುರಿಗೆ ಕಾಲುಗಳ ಮೇಲೆ ನಿಂತ, ಮುಚ್ಚಳವಿರುವ ಒಂದು ಕಬ್ಬಿಣದ ಪೀಪಾಯಿ. ಅದರೊಳಗೆ ಕಂಬಿಗಳ ಮೇಲೆ ಹಂದಿಯ ಪಕ್ಕೆಮೂಳೆಗಳು ಇಡಿಇಡಿಯಾಗಿ ಮಲಗಿ ಕೆಂಪಗೆ ಹೊಳೆಯುತ್ತಿದ್ದವು. ನನಗೆ ಮಾಂಸಕ್ಕಿಂತ ಮೊದಲು ಕಂಡದ್ದು ಹುಲ್ಲು. ಅಂದರೆ ಇದು ಮನೆಯ ಹೊರಗಿನ ಅಡುಗೆ. ಹೊಸಿಲಿನ ಪ್ರಶ್ನೆಯೇ ಬರುವುದಿಲ್ಲ. ನಾನು ಕೇಳಿದ್ದಕ್ಕೆ ವಾಲ್ಟರ್ ವಿಧಾನವನ್ನು ವಿವರಿಸಿದ. ಇದ್ದಿಲು ಒಂದು ಪಕ್ಕಕ್ಕೆ ಇರಬೇಕು, ಮೂಳೆಗಳು ಇನ್ನೊಂದು ಪಕ್ಕಕ್ಕೆ. ಬೆಂಕಿ ಇರಬೇಕು, ಉರಿ ಇರಬಾರದು. ಮುಚ್ಚಳ ಹಾಕಿದ ಮೇಲೆ ಅರ್ಧ ದಿನ ಅದನ್ನು ಮರೆತುಬಿಡಬೇಕು. ತೆರೆದು ನೋಡದಿರುವುದೇ ಈ ಅಡುಗೆಯ ಮುಖ್ಯ ಕೆಲಸ ಎಂದು ಅವನು ಮತ್ತೆ ಮತ್ತೆ ಹೇಳಿದ. ಕೆಲಸವೇ ಇಲ್ಲದ ಕೆಲಸ ಎಂದು ನನಗೆ ಬಹಳ ಖುಷಿಯಾಯಿತು. ಮರುದಿನವೇ ಕ್ಯಾಂಟೀನಿನಲ್ಲಿ ಎದ್ದು ನಿಂತು, ದಸರಾ ಮುಗಿದ ಮೊದಲ ಭಾನುವಾರ ನಮ್ಮ ಮನೆಯ ಅಂಗಳದಲ್ಲಿ ಅಮೆರಿಕನ್ ಪದ್ಧತಿಯ ಹಂದಿ ಊಟ, ಎಲ್ಲರೂ ಬರಬೇಕು ಎಂದು ಸಾರಿದೆ. ಜಯಳಿಗೆ ಸಮಯ ನೋಡಿಕೊಂಡು ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ವಾಲ್ಟರ್ ಪ್ರೆಸ್ ಓಡಿಸಿ ತೋರಿಸಿ ತನ್ನ ದೇಶಕ್ಕೆ ಹೊರಟುಹೋದ.

ಮ್ಯಾನೇಜರರು ಒಂದು ಹಳೆಯ ಆಯಿಲ್ ಡ್ರಮ್ಮನ್ನೂ ಗುಜರಿಯ ಕಂಬಿಗಳನ್ನೂ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟರು. ಪೊನ್ನಪ್ಪ ಡ್ರಮ್ಮನ್ನು ಸುಟ್ಟು ತೊಳೆದು ಉದ್ದಕ್ಕೆ ಸೀಳಿ, ಕೀಲು ಕೂರಿಸಿ, ಕಾಲು ಹಚ್ಚಿದ. ನಮ್ಮ ವಿಭಾಗದವರು ಸುಮ್ಮನಿರಲು ಸಾಧ್ಯವೇ? ಕಂಬಿಗಳ ನಡುವಿನ ಅಂತರಕ್ಕೆ ವರ್ನಿಯರ್ ಹಿಡಿದರು. ಮುಚ್ಚಳ ಕೂರುವ ಅಂಚಿಗೆ ಕಾಗದದ ಚೂರು ತೂರಿಸಿ ನೋಡಿ, ಗಾಳಿ ನುಗ್ಗುತ್ತದೆಂದು ವಾಪಸು ಕಳಿಸಿದರು. ಪೊನ್ನಪ್ಪ ಬೈದುಕೊಳ್ಳುತ್ತಲೇ ತಿದ್ದಿದ. ಹೀಗೆ ಒಪ್ಪಿಗೆ ಸಿಗುವಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಪೀಣ್ಯದಲ್ಲಿ ಕಬ್ಬಿಣದ್ದು ಅಂತ ಏನು ಕಂಡರೂ ಅದಕ್ಕೆ ಪೂಜೆಯಾಗುತ್ತದೆ. ಲೇತಿಗೆ, ಪ್ರೆಸ್ಸಿಗೆ, ತಕ್ಕಡಿಗೆ, ಮ್ಯಾನೇಜರರ ಕಾರಿಗೆ, ಕ್ಯಾಂಟೀನಿನ ಬಾಂಡಲೆಗೆ ವಿಭೂತಿ ಬಳಿಯುತ್ತ ಬಂದ ನಮ್ಮ ಹುಡುಗರು, ಮೂಲೆಯಲ್ಲಿ ನಿಂತಿದ್ದ ನನ್ನ ಡ್ರಮ್ಮಿಗೂ ಮೂರು ಪಟ್ಟೆ ಎಳೆದು ಕುಂಕುಮವಿಟ್ಟು ಚೆಂಡು ಹೂವಿನ ಹಾರ ಹಾಕಿದರು. ಕರ್ಪೂರದ ಆರತಿಯೂ ಆಯಿತು. ನಾನು ಕೈಮುಗಿದು ಕಡ್ಲೆಪುರಿ ತೆಗೆದುಕೊಂಡೆ. ಅದರ ಪರಿಣಾಮ ಏನಾಗಬಹುದೆಂದು ಆಗ ಹೊಳೆಯಲೇ ಇಲ್ಲ.

ಅದೇ ಸಂಜೆ ಡ್ರಮ್ಮು ಟೆಂಪೋದಲ್ಲಿ ನಮ್ಮ ಮನೆಯೆದುರು ಇಳಿಯಿತು. ಕುಂಕುಮ, ಹಾರ ಧರಿಸಿದ ಹೊಸ ಯಂತ್ರವೊಂದು ಬಂದದ್ದನ್ನು ಕಂಡ ಜಯ, ಗಂಡ ಕೊನೆಗೂ ಬಟ್ಟೆ ಒಗೆಯುವ ಮಿಷನ್ನು ತಂದನೆಂದು ತಿಳಿದಳೋ ಏನೋ, ಒಳಗೆ ಓಡಿಹೋಗಿ ಆರತಿ ತಟ್ಟೆ ಹಿಡಿದು ಬಂದಳು. ಆರತಿ ಎತ್ತಿ, ದೃಷ್ಟಿ ತೆಗೆದು, ಮೇಲೊಂದು ನಿಂಬೆಹಣ್ಣನ್ನೂ ಇಟ್ಟಳು. ಆಮೇಲೆ ನಗುತ್ತಾ ಇದೇನು ಎಂದು ಕೇಳಿದಳು. ನಾನು ಹೇಳಿದೆ. ಅವಳ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಅವಳು ನಂಬಲಿಲ್ಲ. ನಂಬಿದ ಮೇಲೆ, ಅಂಗಳದಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಇದರಲ್ಲಿ ಮಾಡುವಂತಿಲ್ಲ ಎಂದಳು. ಎರಡೆರಡು ಸಲ ಪೂಜೆಯಾದ ವಸ್ತು, ಒಂದು ಸಲ ತನ್ನ ಕೈಯಿಂದಲೇ. ಅದರೊಳಗೆ ಹಂದಿ ಬೇಯಿಸಿದರೆ ಈ ಮನೆ ಉದ್ಧಾರವಾಗುತ್ತದೆಯೇ ಎಂದು ಕೇಳಿದಳು. ಅವಳು ಕೋಪದಲ್ಲಿ ಹೇಳಿದ್ದರೆ ನಾನು ವಾದ ಮಾಡಬಹುದಿತ್ತು. ನಿಜವಾದ ಭಯದಿಂದ ಹೇಳಿದಳು. ಅತ್ತ ಊರಿಗೆಲ್ಲ ಕರೆ ಹೋಗಿದೆ, ಇತ್ತ ಡ್ರಮ್ಮು ದೇವರಾಗಿ ಕೂತಿದೆ. ಈಗ ಊಟವಿಲ್ಲ ಎಂದರೆ ಕ್ಯಾಂಟೀನಿನಲ್ಲಿ ನನ್ನ ಮಾನ ಮೂರಾಬಟ್ಟೆಯಾಗುವುದು ಖಂಡಿತವಾಗಿತ್ತು.

ಎರಡು ದಿನ ಡ್ರಮ್ಮು ಹಾರ ಹಾಕಿಕೊಂಡೇ ಅಂಗಳದಲ್ಲಿ ನಿಂತಿತ್ತು. ಕೊನೆಗೆ ಮುನಿಯಮ್ಮಜ್ಜಿ, ಎಲೆಯಡಿಕೆ ಜಗಿಯುತ್ತಾ ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ವಿಷಯವನ್ನು ಕೇಳಿಸಿಕೊಂಡರು. "ಅಲ್ಲ ಕಣವ್ವ, ಹಬ್ಬದಾಗೆ ನಮ್ಮ ಮಚ್ಚಿಗೂ ಪೂಜೆ ಮಾಡ್ತೀವಿ. ಮಾರನೆ ದಿನ ಅದ್ರಾಗೇ ಕುರಿ ಕಡಿಯಾಕಿಲ್ವಾ? ಪೂಜೆ ಮಾಡಾದು ಅದು ಗೇಯ್ಲಿ ಅಂತ, ಸುಮ್ಕೆ ಕೂರ್ಲಿ ಅಂತಲ್ಲ" ಎಂದು ಜಯಳಿಗೆ ಹೇಳಿದರು. ಜಯ ಬಹಳ ಹೊತ್ತು ಯೋಚಿಸಿದಳು. ಆಮೇಲೆ ನಿಂಬೆಹಣ್ಣು ಮತ್ತು ಹಾರವನ್ನು ತೆಗೆದಳು, ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿದಳು, ನೀವುಂಟು ನಿಮ್ಮ ಹಂದಿಯುಂಟು ಎಂದು ಒಳಗೆ ಹೋದಳು. ಮುದ್ದೆ ಮತ್ತು ಅನ್ನ ತಾನು ಮಾಡಿಕೊಡುವುದಾಗಿ ಒಳಗಿನಿಂದಲೇ ಕೂಗಿ ಹೇಳಿದಳು. ಮನೆಗೆ ಬಂದವರು ಹಸಿದುಕೊಂಡು ಹೋಗುವುದು ಅವಳ ತವರಿನ ಕಾನೂನಿನಲ್ಲೂ ಇರಲಿಲ್ಲ.

ಭಾನುವಾರ ಮುಂಜಾನೆ ಪೊನ್ನಪ್ಪನಿಗೆ ಗೊತ್ತಿದ್ದ ಮಾಂಸದಂಗಡಿಗೆ ಹೋದೆ. ಪಕ್ಕೆಮೂಳೆಯನ್ನು ತುಂಡು ಮಾಡದೆ ಇಡೀ ಹಲಗೆಯಾಗಿ ಕೊಡು ಎಂದಾಗ ಅಂಗಡಿಯವನು ಮಚ್ಚನ್ನು ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲವಂತೆ. ಸಾರ್, ಪಾತ್ರೆಗೆ ಹಿಡಿಸುವುದಿಲ್ಲ ಎಂದು ಕನಿಕರದಿಂದ ಎಚ್ಚರಿಸಿದ. ಪತ್ರಿಕೆಯಲ್ಲಿದ್ದ ಬಾಟಲಿ ಸಾಸುಗಳು ನಮ್ಮಲ್ಲಿ ಎಲ್ಲಿ ಬರಬೇಕು? ಬೆಲ್ಲ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಮೆಣಸು ಅರೆದು, ಪೊನ್ನಪ್ಪ ಕೊಟ್ಟ ಕೊಡಗಿನ ಕಪ್ಪು ಹುಳಿ ಬೆರೆಸಿ ಮೂಳೆಗಳಿಗೆ ತಿಕ್ಕಿದೆ. ಇಸ್ತ್ರಿ ಅಂಗಡಿಯವನಿಂದ ತಂದಿದ್ದ ಇದ್ದಿಲನ್ನು ಒಂದು ಪಕ್ಕಕ್ಕೆ ಸುರಿದು ಕೆಂಡ ಮಾಡಿದೆ. ಮೂಳೆಗಳನ್ನು ಇನ್ನೊಂದು ಪಕ್ಕಕ್ಕೆ ಜೋಡಿಸಿದೆ. ಮುಚ್ಚಳ ಹಾಕಿದೆ. ನಂತರ ಕುರ್ಚಿ ಹಾಕಿಕೊಂಡು ಡ್ರಮ್ಮನ್ನು ಮರೆಯಲು ಕುಳಿತೆ.

ಎದುರಿಗೇ ಕೂತು ಒಂದನ್ನು ಮರೆಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಬೆಂಕಿ ಆರಿಹೋಯಿತೇನೋ ಎಂದು ಒಮ್ಮೆ ಎತ್ತಿ ನೋಡಿದೆ. ಆರಿರಲಿಲ್ಲ. ಹಾಗಾದರೆ ಜಾಸ್ತಿಯಾಯಿತೇನೋ ಎಂದು ಇನ್ನೊಮ್ಮೆ ನೋಡಿದೆ. ಹೊತ್ತು ಏರುತ್ತಿದ್ದಂತೆ ನಮ್ಮ ವಿಭಾಗದವರು ಸೈಕಲ್ಲುಗಳಲ್ಲಿ, ಇಬ್ಬರು ಸ್ಕೂಟರಿನಲ್ಲಿ, ಒಬ್ಬೊಬ್ಬರಾಗಿ ಬಂದರು. ನಮ್ಮ ವಿಭಾಗದವರೆಂದರೆ ನಾನೇ ಹಲವು ರೂಪಗಳಲ್ಲಿ ಬಂದಂತೆ. ಬಂದವರು ಮೊದಲು ಚಪ್ಪಲಿ ಬಿಟ್ಟರು, ಎರಡನೆಯದಾಗಿ ಮುಚ್ಚಳ ಎತ್ತಿದರು, ಆಮೇಲೆ ನಮಸ್ಕಾರ ಹೇಳಿದರು. ಒಬ್ಬ ಬೆರಳಲ್ಲಿ ಒತ್ತಿ ನೋಡಿದ. ಒಬ್ಬ ಕಂಬಿಯ ಮೇಲೆ ಸಮನಾಗಿ ಕೂತಿಲ್ಲವೆಂದು ಸರಿಪಡಿಸಿದ. ಇನ್ನೊಬ್ಬ, ತಾನು ನೋಡಿದಾಗ ಹೇಗಿತ್ತೋ ಹಾಗೇ ಇದೆಯಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಮತ್ತೆ ಎತ್ತಿದ. ಒಬ್ಬ ನೋಡಿದ್ದನ್ನು ಮರುಪರೀಕ್ಷೆ ಮಾಡುವುದು ನಮ್ಮಲ್ಲಿ ನಿಯಮ, ಅದಕ್ಕೆ ಯಾರೂ ಬೇಸರಪಟ್ಟುಕೊಳ್ಳುವಂತಿಲ್ಲ. ಪ್ರತಿ ಸಲವೂ ಒಳಗಿನ ಕಾವು ಬಿಸಿ ನಿಟ್ಟುಸಿರಿನಂತೆ ಹೊರಬಂದು ಹೊಂಗೆಮರಕ್ಕೆ ಹೋಗುತ್ತಿತ್ತು.

ಊಟದ ಹೊತ್ತು ಬಂತು. ಮೂಳೆಗಳು ಮಾತ್ರ ಬೆಳಗ್ಗೆ ಮಲಗಿದ್ದಂತೆಯೇ ನಸುಗೆಂಪಾಗಿ ಮಲಗಿದ್ದವು. ಜಯ ಕಟ್ಟಿಟ್ಟ ಮುದ್ದೆಗಳು ಗಟ್ಟಿಯಾಗುತ್ತಿದ್ದವು. ಆಯುಧಪೂಜೆಯ ಉಳಿದ ಕಡ್ಲೆಪುರಿಯನ್ನು ಜಯ ಮೊರದಲ್ಲಿ ತಂದಿಟ್ಟಳು. ಅದು ಮೆತ್ತಗಾಗಿತ್ತು, ಆದರೂ ಮುಗಿದುಹೋಯಿತು. ಪೊನ್ನಪ್ಪನೊಬ್ಬ ಮರಕ್ಕೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದ, ಏನೂ ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದೇ ಇದ್ದದ್ದರಿಂದಲೇ ನನಗೆ ಹೆಚ್ಚು ನೋವಾಯಿತು. ಇಷ್ಟು ಮನೆಗಳಲ್ಲಿ ಉಂಡವನು ಕೊನೆಗೂ ಉಣಿಸಲು ಕರೆದು ಮೆತ್ತಗಿನ ಪುರಿ ತಿನ್ನಿಸಿ ಕಳಿಸುತ್ತಾನೆ ಎಂಬ ಚಿತ್ರ ಕಣ್ಣೆದುರು ಬಂತು. ಆಗಷ್ಟೇ ಹೊಸ ಇದ್ದಿಲು ಸುರಿದು ಮುಚ್ಚಿದ್ದವನು, ಇನ್ನೇನು ಬೆಂದಿರಬಹುದು ಎಂದು ಎದ್ದು ಮತ್ತೆ ಮುಚ್ಚಳಕ್ಕೆ ಕೈಹಾಕಿದೆ.

ಆಗ ಜಯ ಮನೆಯಿಂದ ಹೊರಗೆ ಬಂದಳು. ಸೆರಗನ್ನು ಮೂಗಿಗೆ ಸುತ್ತಿ ಕಟ್ಟಿಕೊಂಡಿದ್ದಳು, ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ. ನಾನು ಹಿಂದೆ ಸರಿದೆ. ಅವಳು ಕೈಯನ್ನು ಆದಷ್ಟು ಉದ್ದಕ್ಕೆ ಚಾಚಿ, ಬಿಸಿ ತಾಗದ ಹಾಗೆ, ಮುಚ್ಚಳದ ಹಿಡಿಯ ಮೇಲೆ ಅರಿಸಿನ ಕುಂಕುಮ ಇಟ್ಟಳು. ಹಬ್ಬದ ಹಳೆಯ ಹಾರವನ್ನು ಹಿಡಿಗೂ ಕಾಲಿಗೂ ಸೇರಿಸಿ ಕಟ್ಟಿದಳು. ಎದುರಿಗೆ ಒಂದು ಊದುಬತ್ತಿ ಹಚ್ಚಿ ಮಣ್ಣಿಗೆ ಚುಚ್ಚಿದಳು. ಎಲ್ಲರೂ ತಾವಾಗಿ ಎದ್ದು ನಿಂತರು. ಒಂದಿಬ್ಬರು ಕೈಮುಗಿದರು. ಜಯ ಯಾರ ಕಡೆಗೂ ನೋಡದೆ, "ಪೂಜೆ ಆಗಿದೆ. ನಾನು ಬಂದು ಹೂವು ತೆಗೆಯೋವರೆಗೂ ಯಾರೂ ಮುಟ್ಟಬೇಡಿ. ರೀ, ನೀವೂನೂ" ಎಂದು ಹೇಳಿ ಒಳಗೆ ಹೋದಳು.

ಆಮೇಲೆ ನಡೆದದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಮ್ಯಾನೇಜರರು ಬೇಡವೆಂದರೂ ಕೇಳದೆ ಪೆಟ್ಟಿಗೆ ಒಡೆಸಿ ನೋಡುವ ಜನ ನಾವು. ಅಂಥವರು ಒಂದು ಚಿಟಿಕೆ ಕುಂಕುಮಕ್ಕೆ ಕಟ್ಟುಬಿದ್ದು, ಡ್ರಮ್ಮಿನಿಂದ ಮಾರು ದೂರ ಸರಿದು ಚಾಪೆಯ ಮೇಲೆ ಕೂತರು. ಒಬ್ಬ ಮರೆತು ಅದರ ಕಡೆ ಹೆಜ್ಜೆ ಹಾಕಿದರೆ ಉಳಿದವರು ಲೋ, ಹೂವು ಇದೆ ಕಣೋ ಎಂದು ಎಳೆದು ಕೂರಿಸುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲದೆ ಇಸ್ಪೀಟು ಹೊರಬಂತು. ಬೇಯುವ ತನಕ ಇದ್ದವರು ಆರುವ ತನಕ ಇರಲಾರರೇ ಎಂದು ಮುನಿಯಮ್ಮಜ್ಜಿ ಎಲ್ಲರಿಗೂ ಕಾಫಿ ಕಾಸಿ ಕಳಿಸಿದರು. ಸೂರ್ಯ ಕಾರ್ಖಾನೆಗಳ ಹೊಗೆಕೊಳವೆಗಳ ಕಡೆ ಇಳಿಯುವ ಹೊತ್ತಿಗೆ ಅಂಗಳದ ತುಂಬ ಬೆಲ್ಲ, ಮೆಣಸು, ಹೊಗೆ ಸೇರಿದ ಒಂದು ವಾಸನೆ ಹರಡಿ, ಅಕ್ಕಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕತ್ತು ಚಾಚತೊಡಗಿದರು. ಜಯ ಬಂದಳು, ಮತ್ತೆ ಮೂಗು ಮುಚ್ಚಿಕೊಂಡು, ಹೂವು ತೆಗೆದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪೊನ್ನಪ್ಪ ಮುಚ್ಚಳ ಎತ್ತಿದ. ಪತ್ರಿಕೆಯ ಚಿತ್ರದಷ್ಟು ಹೊಳೆಯುತ್ತಿರಲಿಲ್ಲ, ಇನ್ನಷ್ಟು ಕಪ್ಪಾಗಿತ್ತು, ಅಂಚುಗಳಲ್ಲಿ ಬೆಲ್ಲ ಕರಗಿ ಅಂಟುಗಟ್ಟಿತ್ತು. ಮೂಳೆ ಹಿಡಿದು ಎಳೆದರೆ ಮಾಂಸ ತಾನಾಗಿ ಬಿಟ್ಟುಕೊಡುತ್ತಿತ್ತು. ಗಟ್ಟಿಯಾಗಿದ್ದ ಮುದ್ದೆಯನ್ನು ಯಾರೂ ಗಮನಿಸಲಿಲ್ಲ. ಮುರಿದುಕೊಂಡು, ನೆಕ್ಕಿಕೊಂಡು ತಿಂದರು. ಮುನಿಯಮ್ಮಜ್ಜಿ ಹಲ್ಲಿಲ್ಲದ ಬಾಯಲ್ಲಿ ಒಂದು ಮೂಳೆಯನ್ನು ಚೀಪಿ, ಇನ್ನೊಂದು ಕೊಡಪ್ಪ ಎಂದು ಕೈಚಾಚಿದರು. ನನಗೆ ಅಷ್ಟು ಸಂತೋಷ ಆ ಕಾರ್ಖಾನೆಯಲ್ಲಿ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಎಲ್ಲರ ಋಣ ಒಂದೇ ದಿನದಲ್ಲಿ ತೀರಿತು ಎಂದುಕೊಂಡು, ಪೊನ್ನಪ್ಪನ ಬಳಿ ಹೋಗಿ, ಹೇಗಿದೆ, ಪಾಸೋ ಎಂದು ಕೇಳಿದೆ. ಅವನು ಬೆರಳು ನೆಕ್ಕಿ, ಮುಚ್ಚಿದ ಬಾಗಿಲಿನ ಕಡೆ ತಿರುಗಿ ಗಟ್ಟಿಯಾಗಿ, "ಅಕ್ಕಾ, ಇಂಥ ಊಟ ನಮ್ಮ ಕೊಡಗಲ್ಲೂ ಉಂಡಿಲ್ಲ. ನಿಮ್ಮ ಕೈಗುಣ ದೊಡ್ಡದು" ಎಂದ. ಒಳಗಿನಿಂದ, ಇನ್ನೂ ಹಾಕಿಸಿಕೊಳ್ಳಿ ಎಂಬ ಉತ್ತರ ಬಂತು.

ಹೀಗೆ ಜನ್ಮದಲ್ಲಿ ಹಂದಿಯನ್ನು ಬಾಯಿಗಿಡದ, ಕೈಯಲ್ಲೂ ಮುಟ್ಟದ ನನ್ನ ಹೆಂಡತಿ ಪೀಣ್ಯದಲ್ಲಿ ಹಂದಿ ಅಡುಗೆಗೆ ಹೆಸರಾದಳು. ಆಮೇಲೆ ಎಷ್ಟೋ ವರ್ಷ ಜನ ಜಯಕ್ಕನ ಕೈಯೂಟ ಎಂದೇ ಅದನ್ನು ನೆನೆಸಿಕೊಳ್ಳುತ್ತಿದ್ದರು. ಬೆಳಗಿನಿಂದ ಹೊಗೆ ಕುಡಿದ ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಇದು ಅನ್ಯಾಯವೆಂದು ಅವಳಿಗೆ ಒಮ್ಮೆ ಹೇಳಿದೆ. ನೀವು ಏನು ಮಾಡಿದಿರಿ, ಮುಚ್ಚಳ ತೆಗೆದಿರಿ ಎಂದಳು. ಆ ವರ್ಷದ ದೀಪಾವಳಿಗೆ ಅವಳು ಚಕ್ಕುಲಿ ಡಬ್ಬವನ್ನು ಅಟ್ಟಕ್ಕೆ ಹತ್ತಿಸಲಿಲ್ಲ. ನನ್ನ ಕಣ್ಣೆದುರಿಗೆ, ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟಳು. ಯಾರೂ ಇಲ್ಲದ ಹೊತ್ತು ನೋಡಿ ಕೈಹಾಕಲು ಹೋದೆ. ಮುಚ್ಚಳದ ಮೇಲೆ ದುಂಡಗೆ ಒಂದು ಕುಂಕುಮದ ಬೊಟ್ಟಿತ್ತು. ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದು, ಅಭ್ಯಾಸಬಲದಿಂದ ಕೈಮುಗಿದು, ಹೊರಗೆ ಬಂದೆ.